ನಾನು ನೋಡದ ಫೈನಲ್

ಹುಡುಗಿಯರಿಗೆ ಹಾಕಿ ಕಲಿಸುತ್ತೇನೆ ಎಂದು ನಾನು ಹೇಳಿದಾಗ ನಮ್ಮ ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಡಂ, ಸೊರಬದಲ್ಲಿ ಕಬಡ್ಡಿ ಗೊತ್ತು, ಖೋ-ಖೋ ಗೊತ್ತು. ಹಾಕಿ ಕೋಲು ಕೈಯಲ್ಲಿ ಹಿಡಿದು ನೋಡಿದವರು ಈ ಊರಲ್ಲಿ ಯಾರಿದ್ದಾರೆ ಹೇಳಿ?"

"ನಾನಿದ್ದೀನಲ್ಲ ಸರ್" ಎಂದೆ.

ಕಾಲೇಜಿಗೆ ದೈಹಿಕ ಶಿಕ್ಷಣದ ಮೇಡಂ ಆಗಿ ಬಂದು ಆಗಿನ್ನೂ ಒಂದು ತಿಂಗಳೂ ಆಗಿರಲಿಲ್ಲ. ನಾನು ಓದುವಾಗ ಆಡಿದ್ದು ಹಾಕಿ. ಬೇರೆ ಯಾವ ಆಟವನ್ನೂ ಅಷ್ಟು ಚೆನ್ನಾಗಿ ಕಲಿಸಲಾರೆ ಅನ್ನಿಸಿತ್ತು. ಹಳೆಯ ಗೆಳತಿಯರ ಹತ್ತಿರ ಬೇಡಿ ಕೋಲುಗಳನ್ನು ತಂದೆ. ಕೆಲವಕ್ಕೆ ಹಿಡಿಕೆಯ ಪಟ್ಟಿ ಬಿಚ್ಚಿ ಹೋಗಿತ್ತು, ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದೆವು. ಹೆಸರು ಕೊಟ್ಟ ಹುಡುಗಿಯರಲ್ಲಿ ಹೆಚ್ಚಿನವರು ಆನವಟ್ಟಿ ಕಡೆಯಿಂದಲೋ ಹೊಸಬಾಳೆ ಕಡೆಯಿಂದಲೋ ಬಸ್ಸಿನಲ್ಲಿ ಬಂದುಹೋಗುವವರು. ಕೋಲು ಹಿಡಿದು ಬಸ್ ಹತ್ತಿದರೆ ಕಂಡಕ್ಟರ್, "ಏನ್ರವ್ವ, ಎಮ್ಮೆ ಹೊಡ್ಕೊಂಡು ಬರೋಕೆ ಹೊಂಟಿದ್ದೀರಾ?" ಎಂದು ಕೇಳುತ್ತಿದ್ದ. ಮೊದಮೊದಲು ನಾಚಿಕೊಂಡು ಕೋಲನ್ನು ದುಪಟ್ಟಾದಲ್ಲಿ ಸುತ್ತಿಕೊಳ್ಳುತ್ತಿದ್ದರು. ಆಮೇಲಾಮೇಲೆ, "ಹೌದಣ್ಣ, ನಿನ್ನ ಬಸ್ಸಿನ ಮುಂದೇನೇ ಹೊಡ್ಕೊಂಡು ಬರ್ತೀವಿ" ಅನ್ನುವಷ್ಟು ಬಾಯಿ ಬಂತು.

ನಮ್ಮ ಮೈದಾನ ಕೆಂಪು ಕಲ್ಲುಮಣ್ಣಿನದು. ಹಾಕಿ ಚೆಂಡು ಗಟ್ಟಿ, ಮುಷ್ಟಿಗಾತ್ರದ್ದು. ಸಮ ನೆಲದಲ್ಲಿ ಅದು ಜಾರಿಕೊಂಡು ಹೋಗುತ್ತದೆ. ನಮ್ಮಲ್ಲಿ ಕಲ್ಲಿಗೆ ತಾಗಿ ಮೊಣಕಾಲಿಗೂ ಎದೆಗೂ ಹಾರುತ್ತಿತ್ತು. ಮೊದಲ ಕೆಲವು ವಾರ ಆಟಕ್ಕಿಂತ ಕಲ್ಲು ಆರಿಸಿದ್ದೇ ಹೆಚ್ಚು. ಮಳೆ ಬಿದ್ದು ನೆಲ ಕೊರೆದರೆ ಹೊಸ ಕಲ್ಲು ಮೇಲೆ ಬರುತ್ತಿದ್ದವು, ಮತ್ತೆ ಆರಿಸುತ್ತಿದ್ದೆವು. ಒಂದು ಲಾಭವೂ ಆಯಿತು ಅನ್ನಿ. ಚೆಂಡು ಎಲ್ಲಿಗೆ ಹಾರೀತು ಎಂದು ಗೊತ್ತಿಲ್ಲದ ನೆಲದಲ್ಲಿ ಕಲಿತವರು ಕೋಲನ್ನು ನೆಲಕ್ಕೆ ಒತ್ತಿ ಇಡುವುದನ್ನು, ಬಾಗಿದ ಮೈ ಎತ್ತದೆ ಓಡುವುದನ್ನು ಬೇಗ ಕಲಿಯುತ್ತಾರೆ.

ಮೊದಲ ಪಂದ್ಯ ಒಂದು ದೊಡ್ಡ ಊರಿನ ಕಾಲೇಜಿನ ಜೊತೆ, ಸುಮ್ಮನೆ ಅಭ್ಯಾಸಕ್ಕೆಂದು. ಎಷ್ಟು ಗೋಲು ತಿಂದೆವು ಎಂದು ಅರ್ಧದಲ್ಲೇ ಎಣಿಕೆ ಬಿಟ್ಟೆ. ವಾಪಸು ಬಂದು ಸೊರಬ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ಒಬ್ಬಳು ನನ್ನ ಹತ್ತಿರ ಬಂದಳು. ಮೊದಲ ವರ್ಷದ ಬಿ.ಎ. ಹುಡುಗಿ, ಹೊಸಬಾಳೆಯ ಆಚೆ ಕುರಿ ಸಾಕುವ ಮನೆಯವಳು. ತಂಡದಲ್ಲಿ ಅವಳಿಗೆ ಮೂಲೆಯಲ್ಲೆಲ್ಲೋ ಜಾಗ ಕೊಟ್ಟಿದ್ದೆ.

"ಮೇಡಂ, ನಾವೆಲ್ಲ ಚೆಂಡಿನ ಹಿಂದೇನೇ ಓಡಿದ್ವಿ. ಅವರು ಹಂಗೆ ಓಡಲಿಲ್ಲ."

"ಮತ್ತೆ ಏನು ಮಾಡಿದರು?"

"ಚೆಂಡು ಇಲ್ದೋರು ಎತ್ತ ತಿರುಗ್ತಾರೆ ನೋಡಿ ಕೊಡ್ತಿದ್ರು. ನನ್ನ ನಡೂಕೆ ನಿಲ್ಸಿ ಮೇಡಂ, ನಂಗೆ ಕಾಣ್ತದೆ."

ನಿಲ್ಲಿಸಿದೆ. ಮೈದಾನದ ಮಧ್ಯೆ ನಿಂತು ಹಿಂದಿನವರಿಗೂ ಮುಂದಿನವರಿಗೂ ಕೊಂಡಿಯಾಗುವ ಆ ಜಾಗಕ್ಕೆ ಸೆಂಟರ್ ಹಾಫ್ ಅನ್ನುತ್ತೇವೆ. ಅವಳು ಅಲ್ಲಿ ನಿಂತ ಮೇಲೆ ನಮ್ಮ ತಂಡ ತಂಡವಾಯಿತು. ಉತ್ಪ್ರೇಕ್ಷೆ ಮಾಡುತ್ತಿಲ್ಲ. ಎದುರಾಳಿ ಕೊಡಬೇಕೆಂದುಕೊಂಡ ಪಾಸಿನ ದಾರಿಯಲ್ಲಿ ಇವಳ ಕೋಲು ಆಗಲೇ ಇರುತ್ತಿತ್ತು. ದಸರಾ ರಜೆಯ ಹೊತ್ತಿಗೆ ನಾವು ಸೋಲುವುದು ಕಡಿಮೆಯಾಯಿತು, ಆಮೇಲೆ ಗೆಲ್ಲತೊಡಗಿದೆವು. ವಿಶ್ವವಿದ್ಯಾಲಯದ ಅಂತರ ಕಾಲೇಜು ಟೂರ್ನಿ ಶಿಕಾರಿಪುರದಲ್ಲಿ ನಡೆಯಿತು. ಹಾಕಿ ಶುರುಮಾಡಿದ ಮೊದಲ ವರ್ಷವೇ ನಾವು ಅಲ್ಲಿ ಸೆಮಿಫೈನಲ್ ತಲುಪಿದಾಗ ಪ್ರಿನ್ಸಿಪಾಲರು ಫೋನ್ ಮಾಡಿ, "ನಿಜ ತಾನೆ ಮೇಡಂ?" ಎಂದು ಮತ್ತೆ ಮತ್ತೆ ಕೇಳಿದರು.

ಕೊನೆಯ ದಿನ ಬೆಳಿಗ್ಗೆ ಸೆಮಿಫೈನಲ್, ಮಧ್ಯಾಹ್ನದ ಮೇಲೆ ಫೈನಲ್. ತಂಡದ ಮ್ಯಾನೇಜರಾಗಿ ನಮ್ಮ ಕನ್ನಡ ಮೇಷ್ಟ್ರು ಬಂದಿದ್ದರು. ಹಾಕಿಯ ಗಂಧ ಅವರಿಗಿರಲಿಲ್ಲ. ನೀರಿನ ಕ್ಯಾನು, ಬಾಳೆಹಣ್ಣು, ಗಾಡಿ ಇವುಗಳ ಜವಾಬ್ದಾರಿ ಅವರದು. ಅವತ್ತು ಸೆಂಟರ್ ಹಾಫ್ ಹುಡುಗಿಯ ಅಪ್ಪನೂ ಬಂದಿದ್ದರು. ತಮ್ಮನಿಗೆ ಕುರಿ ಒಪ್ಪಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬೇಲಿಯ ಹತ್ತಿರ ಕೈಕಟ್ಟಿ ನಿಂತಿದ್ದರು. ಮಗಳು ಆಡುವುದು ಬೇಡವೆಂದು ವರ್ಷವೆಲ್ಲ ತಕರಾರು ಮಾಡಿದವರು ಅವರೇ.

ಸೆಮಿಫೈನಲ್ ಎರಡನೇ ಭಾಗಕ್ಕೆ ಬಂದರೂ ಯಾರೂ ಗೋಲು ಹೊಡೆದಿರಲಿಲ್ಲ. ಎದುರಾಳಿಗಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಅಂದರೆ ಅವರಲ್ಲೊಬ್ಬಳು ಗೋಲಿನ ಗೆರೆಯಿಂದ ಚೆಂಡನ್ನು ಹೊರಗೆ ತಳ್ಳುತ್ತಾಳೆ, ಇನ್ನೊಬ್ಬಳು ಅದನ್ನು ನಿಲ್ಲಿಸಿದ ಕೂಡಲೇ ಮೂರನೆಯವಳು ಬಲವಾಗಿ ಹೊಡೆಯುತ್ತಾಳೆ. ತಡೆಯುವವರು ಗೋಲ್‌ಕೀಪರ್ ಸೇರಿ ಐದೇ ಜನ. ಅವರಲ್ಲಿ ಒಬ್ಬಳು ಹೊಡೆಯುವವಳ ಕೋಲಿನ ಬಾಯಿಗೇ ನೇರ ಓಡಬೇಕು. ನಮ್ಮಲ್ಲಿ ಆ ಓಟ ಸೆಂಟರ್ ಹಾಫ್‌ನದು. ಆ ಹೊತ್ತಿಗೆ ಮುಖಕ್ಕೆ ಜಾಲರಿ ಹಾಕಿಕೊಳ್ಳುತ್ತಾರೆ. ಅದು ಕಣ್ಣು, ಮೂಗು, ಹಲ್ಲು ಕಾಯುತ್ತದೆ. ಕಿವಿಯ ಮೇಲಿನ ಜಾಗವನ್ನು ಕಾಯುವುದಿಲ್ಲ.

ಚೆಂಡು ಹೊರಬಂತು, ಇವಳು ಓಡಿದಳು, ಅವಳು ಹೊಡೆದಳು. ಟಕ್ ಎಂದು ಮರಕ್ಕೆ ಬಡಿದ ಸದ್ದು ಕೇಳಿತು. ಚೆಂಡು ಇವಳ ಕೋಲಿಗೆ ತಾಗಿ ಎತ್ತಲೋ ಹಾರಿ ಗೆರೆಯಾಚೆ ಹೋಯಿತು. ಇವಳು ಒಂದು ಮೊಣಕಾಲೂರಿದಳು, ಮರುಕ್ಷಣ ಎದ್ದಳು. ಅಂಪೈರ್ ಏನೋ ಕೇಳಿದರು. ಇವಳು ತಲೆಯಾಡಿಸಿ, ಜಾಲರಿ ಕಳಚಿ ಗೋಲಿನ ಹಿಂದಕ್ಕೆ ಎಸೆದು, ಕೂದಲು ಬಿಗಿದು ಕಟ್ಟಿಕೊಂಡು ತನ್ನ ಜಾಗಕ್ಕೆ ಓಡಿದಳು. ಜಾರಿರಬೇಕು ಅಂದುಕೊಂಡೆ. ನಾನು ನಿಂತಿದ್ದ ಕಡೆಯಿಂದ ಕಂಡದ್ದು ಅಷ್ಟೇ.

ಆಟ ಮುಗಿಯಲು ಸ್ವಲ್ಪವೇ ಹೊತ್ತಿದ್ದಾಗ ಅವಳೇ ಗೋಲು ಹೊಡೆದಳು. ಮಧ್ಯದಿಂದ ಚೆಂಡು ಕಸಿದುಕೊಂಡು, ಇಬ್ಬರನ್ನು ದಾಟಿ, ಗೋಲ್‌ಕೀಪರ್ ಎಡಕ್ಕೆ ವಾಲುವವರೆಗೂ ಕಾದು ಬಲಕ್ಕೆ ತಳ್ಳಿದಳು. ನಾವು ಒಂದು-ಸೊನ್ನೆಯಿಂದ ಫೈನಲ್ ತಲುಪಿದೆವು. ಬೇಲಿಯ ಹತ್ತಿರ ಅವಳ ಅಪ್ಪ ಪಕ್ಕದಲ್ಲಿದ್ದ ಅಪರಿಚಿತರೊಬ್ಬರ ಭುಜ ಹಿಡಿದು ಅಲ್ಲಾಡಿಸುತ್ತಿದ್ದರು.

ಊಟಕ್ಕೆ ಕಾಲೇಜಿನ ಒಂದು ಕೋಣೆ ಕೊಟ್ಟಿದ್ದರು. ಚಿತ್ರಾನ್ನ, ಮೊಸರನ್ನ. ಅವಳು ತಟ್ಟೆ ಮುಟ್ಟಿರಲಿಲ್ಲ. ಗೋಡೆಗೊರಗಿ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ಎರಡೂ ತುದಿಗಳನ್ನು ಕೈಯಲ್ಲಿ ಹಿಡಿದು ಹಾಗೇ ಕೂತಳು, ಮುಂದೇನು ಮಾಡಬೇಕೆಂದು ಮರೆತವಳ ಹಾಗೆ.

"ಯಾಕಮ್ಮ, ಊಟ ಮಾಡಲ್ವಾ?"

"ತಲೆನೋವು ಮೇಡಂ. ಬಿಸಿಲಿಗೆ." ಆಮೇಲೆ ತಲೆಯೆತ್ತಿ ಕೇಳಿದಳು, "ಸೆಮಿಫೈನಲ್ ಎಷ್ಟು ಹೊತ್ತಿಗೆ ಮೇಡಂ?"

ಸುತ್ತ ಕೂತವರು ನಕ್ಕರು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು ನಾನೂ ನಗಲು ಹೋದೆ. ಅವಳು ನಗುತ್ತಿರಲಿಲ್ಲ.

ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದೆ, "ಬೆಳಿಗ್ಗೆ ಗೋಲು ಹೊಡೆದದ್ದು ಯಾರು ಹೇಳು?"

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಪರೀಕ್ಷೆಯಲ್ಲಿ ಪಕ್ಕದವರ ಉತ್ತರ ಕದಿಯುವ ಹಾಗೆ. "ಯಾರು... ಹೊಡೆದ್ರು ಮೇಡಂ?"

ಕೋಣೆಯಲ್ಲಿ ನಗು ನಿಂತಿತು. ಕ್ಯಾಪ್ಟನ್ ಕಡೆ ತಿರುಗಿದೆ. ಅವಳೇ ನಮ್ಮ ಗೋಲ್‌ಕೀಪರ್, ಪೆನಾಲ್ಟಿ ಕಾರ್ನರ್ ಹೊತ್ತಿನಲ್ಲಿ ಹಿಂದಿನಿಂದ ಎಲ್ಲವನ್ನೂ ಕಂಡವಳು. ನಾನು ಕೇಳುವ ಮೊದಲೇ ಅವಳ ಕಣ್ಣು ತುಂಬಿತು.

"ಚೆಂಡು ಕೋಲಿಗೆ ತಾಗಿ ತಲೆಗೆ ಬಡೀತು ಮೇಡಂ. ನಾನು ನೋಡ್ದೆ. ಮೇಡಂಗೆ ಹೇಳ್ಬೇಡ, ಹೇಳಿದ್ರೆ ಫೈನಲ್ಲಿಗೆ ಇಳಿಸಲ್ಲ ಅಂದ್ಲು."

ಕಟ್ಟಿದ ಕೂದಲು ಬಿಚ್ಚಿದೆ. ಎಡಗಿವಿಯ ಮೇಲೆ ಬೆರಳು ಇಟ್ಟರೆ ಹಿಟ್ಟಿನ ಮುದ್ದೆಯ ಮೇಲಿಟ್ಟಂತೆ ಮೆತ್ತಗೆ ಒಳಗೆ ಹೋಯಿತು. ಅಷ್ಟರಲ್ಲಿ ಅವಳು ಪಕ್ಕಕ್ಕೆ ಬಾಗಿ ವಾಂತಿ ಮಾಡಿಕೊಂಡಳು.

ಅವಳ ಅಪ್ಪನನ್ನು ಕರೆಸಿದೆ. ಅವರಿಗೆ ನನ್ನ ಗಾಬರಿ ಅರ್ಥವಾಗಲಿಲ್ಲ. "ಒಂದೀಟು ಮಲಗಿ ಎದ್ರೆ ಸರಿಹೋಗ್ತದೆ ಬಿಡ್ರಿ ಮೇಡಂ. ಬಿಸಿಲಾಗೆ ಕುರಿ ಕಾಯುವಾಗ ನನಗೂ ಹಿಂಗೇ ಆಗ್ತದೆ. ಇಷ್ಟು ದಿನ ನಾನೇ ಬೇಡ ಅಂತಿದ್ದೆ, ಇವತ್ತು ಕಣ್ತುಂಬ ನೋಡಾಣ ಅಂತ ಬಂದೀನಿ. ಆಡ್ಲಿ."

"ಆಡೋದಿಲ್ಲ ಯಜಮಾನ್ರೇ. ಅವಳು ಇವತ್ತು ಆಡೋದಿಲ್ಲ. ಮೊದಲು ಆಸ್ಪತ್ರೆಗೆ ಹೋಗಣ."

ನಮ್ಮ ಗಾಡಿಯಲ್ಲೇ ಶಿಕಾರಿಪುರದ ಆಸ್ಪತ್ರೆಗೆ ಓಡಿದೆವು. ಡ್ಯೂಟಿಯಲ್ಲಿದ್ದ ವೈದ್ಯೆ ಇನ್ನೂ ಚಿಕ್ಕ ವಯಸ್ಸಿನವರು. ಅವಳ ಕಣ್ಣಿಗೆ ಟಾರ್ಚ್ ಬಿಟ್ಟರು. ಒಂದು ಕಣ್ಣು, ಇನ್ನೊಂದು ಕಣ್ಣು, ಮತ್ತೆ ಮೊದಲಿನದು. ಟಾರ್ಚ್ ಆರಿಸಿ ನನ್ನನ್ನು ಬಾಗಿಲಿನಾಚೆ ಕರೆದರು.

"ಎಡಗಣ್ಣಿನ ಪಾಪೆ ದೊಡ್ಡದಾಗ್ತಾ ಇದೆ ಮೇಡಂ. ಒಳಗೆ ರಕ್ತ ಸೋರ್ತಾ ಇರಬಹುದು. ಸ್ಕ್ಯಾನ್ ಆಗಬೇಕು, ಆಪರೇಷನ್ನೂ ಬೇಕಾಗಬಹುದು. ಶಿವಮೊಗ್ಗಕ್ಕೆ ಈಗಲೇ ಹೊರಡಿ. ಆಂಬುಲೆನ್ಸ್ ಹೇಳ್ತೀನಿ, ಅಲ್ಲಿಗೆ ಫೋನೂ ಮಾಡ್ತೀನಿ."

"ಗೋಲು ಹೊಡೆದಳು ಡಾಕ್ಟ್ರೇ" ಎಂದೆ. ಯಾಕೆ ಅಂದೆನೋ ಗೊತ್ತಿಲ್ಲ. "ಪೆಟ್ಟು ಬಿದ್ದ ಮೇಲೂ ಓಡಿದಳು. ಗೋಲು ಹೊಡೆದಳು."

"ಹಾಗೂ ಆಗುತ್ತೆ. ಮೊದಲು ಸ್ವಲ್ಪ ಹೊತ್ತು ಎಲ್ಲ ಸರಿ ಇರೋ ಹಂಗೇ ಕಾಣ್ತದೆ. ತಡ ಮಾಡಬೇಡಿ."

ಆಂಬುಲೆನ್ಸ್ ಬರುವವರೆಗೆ ನನ್ನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಕನ್ನಡ ಮೇಷ್ಟ್ರಿಂದ ಸುದ್ದಿ ತಿಳಿದ ಪ್ರಿನ್ಸಿಪಾಲರು ಮಾತಾಡಿದರು. "ಹುಡುಗಿ ಜೊತೆ ಅವಳ ಅಪ್ಪ ಇದ್ದಾರಲ್ಲ ಮೇಡಂ. ಇನ್ನೊಬ್ಬರನ್ನ ಕಳಿಸಿ. ಫೈನಲ್ ಆಡಿಸೋರು ನೀವಲ್ಲದೆ ಬೇರೆ ಯಾರಿದ್ದಾರೆ?" ಅವರು ಹೇಳಿದ್ದು ನಿಜವೇ. ಕೋಲು ಹಿಡಿಯುವುದನ್ನೂ ನನ್ನಿಂದಲೇ ಕಲಿತ ಹುಡುಗಿಯರು. ಸೆಂಟರ್ ಹಾಫ್ ಇಲ್ಲದೆ ಹೇಗೆ ನಿಲ್ಲಬೇಕೆಂದು ಅವರಿಗೆ ಹೇಳುವವರು ಬೇರೆ ಇರಲಿಲ್ಲ. ಬಾಗಿಲಿನೊಳಗೆ ನೋಡಿದೆ. ಸ್ಟ್ರೆಚರಿನ ಪಕ್ಕ ಅವಳ ಅಪ್ಪ ಮಗಳ ಒಂದು ಶೂ ಕೈಯಲ್ಲಿ ಹಿಡಿದು ನಿಂತಿದ್ದರು. ಅವರಿಗೆ ಶಿವಮೊಗ್ಗದ ಆಸ್ಪತ್ರೆಯ ದಾರಿಯಾಗಲಿ, ಅಲ್ಲಿ ಯಾರನ್ನು ಏನು ಕೇಳಬೇಕೆಂದಾಗಲಿ ಗೊತ್ತಿರಲಿಲ್ಲ.

"ನಾನು ಹೋಗ್ತೀನಿ ಸರ್" ಎಂದು ಫೋನಿಟ್ಟೆ.

ಕನ್ನಡ ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. "ನೀವು ಹೋಗಿ ಮೇಡಂ, ಇಲ್ಲಿ ನಾನು ನಿಂತ್ಕೋತೀನಿ. ಆದರೆ ಪೆನಾಲ್ಟಿ ಕಾರ್ನರ್ ಅಂದ್ರೆ ಯಾವ ಮೂಲೆ ಅಂತಾದ್ರೂ ಹೇಳಿ."

"ಸರ್, ಕ್ಯಾಪ್ಟನ್‌ಗೆ ಫೋನ್ ಕೊಡಿ."

ಅವಳಿಗೆ ಹೇಳಿದ್ದು ಇಷ್ಟೇ. ಮಧ್ಯದ ಜಾಗವನ್ನು ಒಬ್ಬರೇ ತುಂಬಲು ಹೋಗಬೇಡಿ, ಇಬ್ಬರು ಹಂಚಿಕೊಳ್ಳಿ. ಮುಂದೆ ಒಬ್ಬಳು ಕಡಿಮೆಯಾದರೂ ಚಿಂತೆಯಿಲ್ಲ. ಕಾರ್ನರ್ ಬಂದರೆ ಹೊಡೆಯುವವಳ ಕಡೆಗೆ ಯಾರೂ ಓಡಕೂಡದು, ಎಲ್ಲರೂ ಗೆರೆಯ ಮೇಲೆ ಕೋಲು ನೆಲಕ್ಕೊತ್ತಿ ನಿಲ್ಲಿ.

"ಗೋಲಾಗುತ್ತೆ ಮೇಡಂ ಹಂಗೆ ನಿಂತ್ರೆ."

"ಆಗಲಿ. ಯಾರೂ ಓಡಬಾರದು."

ಆಂಬುಲೆನ್ಸಿನಲ್ಲಿದ್ದ ನರ್ಸ್ ಹುಡುಗ, "ನಿದ್ದೆ ಹೋಗೋಕೆ ಬಿಡಬೇಡಿ, ಮಾತಾಡಿಸ್ತಾ ಇರಿ, ಉತ್ತರ ನಿಂತರೆ ನನಗೆ ಹೇಳಿ" ಎಂದ. ಅಪ್ಪನಿಗೆ ಏನು ಮಾತಾಡಬೇಕೋ ತೋಚಲಿಲ್ಲ. ಹೆಣ್ಣುಮಕ್ಕಳ ಜೊತೆ ಹರಟಿ ರೂಢಿಯಿಲ್ಲದ ಮನುಷ್ಯ. ಕೊನೆಗೆ ಕುರಿಗಳ ಸುದ್ದಿ ತೆಗೆದರು.

"ಕರಿಮೂತಿದು ಈದೈತೆ ಮಗ. ಎರಡು ಮರಿ. ಕೇಳ್ತೈತೇನು?"

"ಹ್ಞೂಂ."

"ಒಂದು ಪೂರಾ ಬಿಳೇದು. ಕಾಲು ಕುಂಟೋದು ಇತ್ತಲ್ಲ, ಅದರ ಗೊರಸು ವಾಸಿ ಆತು. ಕೇಳ್ತೈತಾ?"

"ಹ್ಞೂಂ."

"ನಿಮ್ಮ ಚಿಕ್ಕಪ್ಪ ಇವತ್ತು ಕೆರೆ ಕಡೆ ಹೊಡ್ಕೊಂಡು ಹೋಗ್ಯಾನೆ. ಕೇಳ್ತೈತಾ ಮಗ? ಏ, ಕೇಳ್ತೈತಾ?"

ಉತ್ತರ ಬರಲಿಲ್ಲ. ಹುಡುಗ ಮುಂದೆ ಬಾಗಿ ಕಣ್ಣು ಬಿಡಿಸಿ ನೋಡಿ, ಡ್ರೈವರಿಗೆ ಏನೋ ಕೂಗಿ ಹೇಳಿದ. ಗಾಡಿಯ ವೇಗ ಹೆಚ್ಚಿತು. ಅಪ್ಪ ಮಾತು ನಿಲ್ಲಿಸಲಿಲ್ಲ. ಒಂದೊಂದೇ ಕುರಿಯ ಸುದ್ದಿ ಹೇಳುತ್ತಲೇ ಹೋದರು, ಶಿವಮೊಗ್ಗ ಬರುವವರೆಗೂ.

ಸ್ಕ್ಯಾನ್ ಆಯಿತು. ಶಸ್ತ್ರಚಿಕಿತ್ಸೆಯ ವೈದ್ಯರು ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ಬುರುಡೆಯ ಒಳಬದಿಗೆ ಅಂಟಿಕೊಂಡು ದಪ್ಪ ಬಿಳಿ ಮಚ್ಚೆಯೊಂದಿತ್ತು. "ಇದು ರಕ್ತ. ಬುರುಡೆಗೂ ಮೆದುಳಿಗೂ ನಡುವೆ ತುಂಬಿಕೊಂಡು ಮೆದುಳನ್ನ ಒತ್ತುತ್ತಾ ಇದೆ. ಬುರುಡೆ ತೆರೆದು ತೆಗೀಬೇಕು. ಈಗಲೇ."

ಅಪ್ಪ ಸಹಿ ಮಾಡಿದರು. ಪೆನ್ನು ವಾಪಸು ಕೊಡುವುದನ್ನು ಮರೆತು ಕೈಯಲ್ಲೇ ಹಿಡಿದುಕೊಂಡು ಕೇಳಿದರು, "ತಲೆ ತೆರೀತಾರಂತಾ ಮೇಡಂ?"

"ಹೌದು."

"ಆಮೇಲೆ ಮುಚ್ಚುತ್ತಾರಲ್ಲ?"

"ಮುಚ್ಚುತ್ತಾರೆ."

ಅವಳನ್ನು ಒಳಗೆ ಒಯ್ದರು. ಬಾಗಿಲು ಮುಚ್ಚಿತು. ನಾವಿಬ್ಬರೂ ಅದರ ಎದುರಿನ ಬೆಂಚಿನಲ್ಲಿ ಕೂತೆವು. ನನ್ನ ಕೊರಳಲ್ಲಿ ಸೀಟಿ ಇನ್ನೂ ನೇತಾಡುತ್ತಿತ್ತು. ಆಗ ಫೋನ್ ಬಂತು. ಆ ಕಡೆ ಒಂದೇ ಸಮನೆ ಕಿರುಚಾಟ, ತಮಟೆಯ ಸದ್ದು. ನಡುವೆ ಕನ್ನಡ ಮೇಷ್ಟ್ರ ದನಿ.

"ಗೆದ್ವಿ ಮೇಡಂ! ಗೆದ್ವಿ!"

"ಏನು ಗೆದ್ವಿ?" ಎಂದೆ.

ಆ ಕಡೆ ಅವರು ತಬ್ಬಿಬ್ಬಾದರು. ನಿಜವಾಗಿಯೂ ನನಗೆ ಗೊತ್ತಾಗಲಿಲ್ಲ. ಜೂನ್‌ನಿಂದ ಹಗಲೂ ರಾತ್ರಿ ನನ್ನ ತಲೆಯಲ್ಲಿದ್ದದ್ದು ಅದೊಂದೇ, ಆದರೂ ಆ ಕ್ಷಣಕ್ಕೆ ಎಲ್ಲಿಯೋ ಯಾರದೋ ಸುದ್ದಿ ಹೇಳುತ್ತಿದ್ದಾರೆ ಅನ್ನಿಸಿತು. ಅವರು ದನಿ ತಗ್ಗಿಸಿ, "ಫೈನಲ್ ಮೇಡಂ. ಎರಡು-ಒಂದು. ನಮ್ಮವರು ಚಾಂಪಿಯನ್. ಅವಳು... ಅವಳು ಹೇಗಿದ್ದಾಳೆ?" ಎಂದರು.

"ಒಳಗಿದ್ದಾಳೆ ಸರ್. ಇನ್ನೂ ಏನೂ ಗೊತ್ತಿಲ್ಲ."

ತಮಟೆ ನಿಂತಿತು. ಅವರೇ ನಿಲ್ಲಿಸಿದ್ದಿರಬೇಕು.

"ಏನಂತೆ?" ಅಪ್ಪ ಕೇಳಿದರು.

"ಗೆದ್ದರಂತೆ."

"ಯಾರು?"

ನಾನು ಉತ್ತರ ಕೊಡುವ ಮೊದಲೇ ಅವರ ಕಣ್ಣು ಬಾಗಿಲ ಕಡೆ ಹೊರಳಿತ್ತು.

ಬಾಗಿಲು ತೆರೆದಾಗ ಹೊರಗೆ ಕತ್ತಲಾಗಿತ್ತು. ವೈದ್ಯರು ಟೋಪಿ ತೆಗೆಯುತ್ತಾ, "ಸರಿಯಾದ ಹೊತ್ತಿಗೆ ತಂದಿದ್ದೀರಿ. ಒತ್ತಡ ಇಳಿದಿದೆ. ನಾಳೆ ಎದ್ದು ಮಾತಾಡಿದರೆ ಪೂರ್ತಿ ಹೇಳ್ತೀನಿ" ಎಂದರು. ಅಪ್ಪ ಅವರ ಕಾಲು ಮುಟ್ಟಲು ಬಾಗಿದರು. ಬಾಗಿದವರು ಏಳಲಾಗದೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಮರುದಿನ ಇಡೀ ತಂಡ ಬಂತು. ಕಪ್ಪನ್ನು ಗಾಡಿಯಲ್ಲೇ ಬಿಟ್ಟು ಬಂದಿದ್ದರು. ಅದನ್ನು ಒಳಗೆ ತರಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಜಗಳವಾಗಿತ್ತಂತೆ. ಒಬ್ಬೊಬ್ಬರನ್ನೇ ಒಳಗೆ ಬಿಟ್ಟರು. ಕ್ಯಾಪ್ಟನ್ ಮೊದಲು ಹೋದಳು. ತಲೆಗೆ ಬಿಳಿ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದವಳು ಇವಳನ್ನು ನೋಡಿ ಕೇಳಿದ್ದು, "ಫೈನಲ್ ಎಷ್ಟು ಹೊತ್ತಿಗೇ?" ಕ್ಯಾಪ್ಟನ್ ಹೊರಗೆ ಬಂದು ಗೋಡೆಗೆ ಮುಖ ಕೊಟ್ಟು ನಿಂತಳು.

ಅವಳು ಚೇತರಿಸಿಕೊಂಡಳು. ನಡೆದಳು, ಓದಿದಳು, ಪರೀಕ್ಷೆ ಬರೆದಳು. ಆದರೆ ಆ ದಿನ ಬೆಳಿಗ್ಗೆ ಗಾಡಿ ಹತ್ತಿದ ಮೇಲೆ ನಡೆದದ್ದು ಅವಳಿಗೆ ಏನೂ ನೆನಪಿಲ್ಲ. ಇನ್ನು ಹಾಕಿ ಬೇಡ ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿದರು. ಆ ಮಾತು ಕೇಳಿ ಅವಳು ಅಳಲಿಲ್ಲ. "ಗೋಲು ನಾನೇ ಹೊಡೆದದ್ದಾ, ನಿಜಕ್ಕೂ?" ಎಂದು ಮಾತ್ರ ನನ್ನನ್ನು ಕೇಳಿದಳು. ಹೌದೆಂದೆ. ತನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದೇನೆ ಅನ್ನುವ ಹಾಗೆ ನನ್ನನ್ನು ನೋಡಿದಳು.

ಕೂದಲು ಸ್ವಲ್ಪ ಬೆಳೆದ ಮೇಲೆ ತಲೆಗೆ ದುಪಟ್ಟಾ ಸುತ್ತಿಕೊಂಡು ಅವಳು ಒಂದು ಸಂಜೆ ಮೈದಾನಕ್ಕೆ ಬಂದಳು. ಫೈನಲ್ ಹೇಗಾಯಿತು ಹೇಳ್ರೇ ಎಂದಳು. ನಾನೂ ಅದನ್ನು ನೋಡಿರಲಿಲ್ಲ, ಅವರಿವರ ಬಾಯಲ್ಲಿ ಕೇಳಿದ್ದು ತುಂಡು ತುಂಡು ಅಷ್ಟೇ. ಹೇಳಹೋದ ಹುಡುಗಿಯರು ಒಬ್ಬರ ಮಾತಿಗೊಬ್ಬರು ಅಡ್ಡ ಬಂದು ಗಲಾಟೆಯಾಯಿತು. ಕೊನೆಗೆ ಕ್ಯಾಪ್ಟನ್, "ಹೇಳೋದು ಬೇಡ, ಆಡಿ ತೋರಿಸ್ತೀವಿ" ಎಂದಳು. ಅರ್ಧ ಜನ ನಾವಾದರು, ಅರ್ಧ ಜನ ಎದುರಾಳಿಗಳಾದರು. ನಮ್ಮಿಬ್ಬರನ್ನು ಬೆಂಚಿನಲ್ಲಿ ಕೂರಿಸಿ ಫೈನಲ್ಲನ್ನು ಒಂದೊಂದೇ ಪಾಸಾಗಿ ತೋರಿಸಿದರು. ನಾವು ತಿಂದ ಗೋಲನ್ನೂ ಬಿಡಲಿಲ್ಲ. ಕಾರ್ನರ್‌ಗೆ ಯಾರೂ ಓಡದೆ ಗೆರೆಯ ಮೇಲೆ ನಿಂತು ತಿಂದ ಗೋಲು ಅದು. ನಮ್ಮ ಎರಡನೇ ಗೋಲಿನ ಹೊತ್ತಿಗೆ ಸೂಚನೆ ಕೊಡಲು ಗೊತ್ತಿಲ್ಲದ ಕನ್ನಡ ಮೇಷ್ಟ್ರು ಗೆರೆಯಾಚೆ ಎರಡೂ ಕೈ ಮುಗಿದು ನಿಂತಿದ್ದರಂತೆ. ಅದನ್ನೂ ಒಬ್ಬಳು ನಿಂತು ತೋರಿಸಿದಳು. ಇವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆಮೇಲೆ, "ಸೆಮಿಫೈನಲ್ಲೂ ತೋರಿಸಿ" ಎಂದಳು.

ಹುಡುಗಿಯರು ನನ್ನ ಮುಖ ನೋಡಿದರು. ನಾನು ಬೇಡವೆನ್ನಲಿಲ್ಲ. ಅವಳ ಪಾತ್ರಕ್ಕೆ ತಂಡದಲ್ಲೇ ಸಣ್ಣವಳಾದ ಲೆಫ್ಟ್ ಹಾಫ್ ಹುಡುಗಿ ನಿಂತಳು. ಬಾಗಿದ ಬೆನ್ನು, ಕೂದಲು ಬಿಗಿಯುವ ರೀತಿ, ಎಲ್ಲ ಹಾಗೇ ಮಾಡಿದಳು. "ನಾನು ಹಿಂಗಾ ಓಡೋದು?" ಎಂದಳು ಇವಳು. ಆಟ ಸಾಗಿ ಆ ಪೆನಾಲ್ಟಿ ಕಾರ್ನರ್ ಬಂತು. ಎಲ್ಲರೂ ಅವರವರ ಜಾಗದಲ್ಲಿ ನಿಂತರು. ಚೆಂಡು ತಳ್ಳುವವಳು ತಳ್ಳಲಿಲ್ಲ. ಹೊಡೆಯಬೇಕಾದವಳು ಕೋಲೆತ್ತಲಿಲ್ಲ. ಮೈದಾನದಲ್ಲಿ ಒಂದು ಕಾಲೂ ಅಲ್ಲಾಡಲಿಲ್ಲ. ಕ್ಯಾಪ್ಟನ್ ಗೋಲಿನಿಂದ ಮುಂದೆ ಬಂದಳು. ಗೆರೆಯ ಮೇಲಿದ್ದ ಚೆಂಡನ್ನು ಕೈಯಲ್ಲಿ ಎತ್ತಿಕೊಂಡು ಹಾಗೇ ನಿಂತಳು.

ಬೆಂಚಿನಲ್ಲಿದ್ದವಳು ಕೈಯೆತ್ತಿ ಕೂಗಿದಳು.

"ಅದನ್ನ ಬಿಡ್ರೇ. ಮುಂದಿಂದು ತೋರಿಸಿ. ನಾನು ಗೋಲು ಹೊಡೆಯೋದು ನೋಡಬೇಕು."